ಎಡಗೈ ಬಂದೂಕು

ಕನ್ನೊಳ್ಳಿಯ ಅಮೋಘಸಿದ್ಧನಿಗೆ ಹೆಂಡಿರು ಇಬ್ಬರು ಎಂದು ಊರವರು ಆಡಿಕೊಳ್ಳುತ್ತಿದ್ದರು. ಒಬ್ಬಾಕೆ ಸಾತವ್ವ. ಇನ್ನೊಬ್ಬಾಕೆ ಪಡಸಾಲೆಯ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ನಿಂತಿದ್ದ ಮ್ಯಾಗ್ನಮ್ ಬಂದೂಕು.

"ಆಕಿಗಿ ಐತವಾರಕ್ಕೊಮ್ಮಿ ಎಣ್ಣಿ ತಿಕ್ಕತಾನ. ನನ್ನ ತಲಿಗಿ ಒಂದ ಹನಿ ಹಾಕಿದ್ದು ನೆನಪಿಲ್ಲ," ಎಂದು ಸಾತವ್ವ ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದಳು. "ಸವತಿ ಕೂಡ ಬಾಳ್ವೆ ಮಾಡೋದ ಹೆಂಗ ಅಂತ ನನ್ನ ಕೇಳ್ರಿ, ಹೇಳಿಕೊಡತೇನಿ."

ಅಮೋಘಸಿದ್ಧ ಮಿಲಿಟರಿಯಿಂದ ಹವಾಲ್ದಾರನಾಗಿ ಮರಳಿದ ವರ್ಷ ಆಲಮೇಲದ ದೇಸಾಯರ ಮನೆತನ ಪಾಲಾಗಿತ್ತು. ಅಣ್ಣತಮ್ಮಂದಿರು ಪಾತ್ರೆಗಳಿಗೂ ಜಗಳಾಡಿ ಹಂಚಿಕೊಂಡ ಆ ಮನೆಯಲ್ಲಿ ಬಂದೂಕು ಮಾತ್ರ ಯಾರಿಗೂ ಬೇಡವಾಗಿತ್ತು. ಹುಲಿ, ಕಾಡುಕೋಣ ಹೊಡೆಯಲು ಮಾಡಿದ ದೊಡ್ಡ ಗುಂಡಿನ ವಿಲಾಯತಿ ಮಾಲು. ಈ ಬಯಲುಸೀಮೆಗೆ ಹುಲಿ ಎಲ್ಲಿಂದ ಬರಬೇಕು? ಬೇಟೆಯೂ ಬಂದಾಗಿ ಹೋಗಿತ್ತು. ಆದರೂ ಅಮೋಘಸಿದ್ಧ ಅದನ್ನು ಕೊಂಡ. ಕಬ್ಬಿಗೆ ಹಂದಿ ಬಿದ್ದಾಗ ವರ್ಷಕ್ಕೆ ಒಂದೋ ಎರಡೋ ಸಲ ಆಕಾಶಕ್ಕೆ ಹಾರಿಸುತ್ತಿದ್ದ. ಆ ಸಪ್ಪಳಕ್ಕೆ ಹಂದಿಯ ಜೊತೆಗೆ ಊರಿನ ಕೂಸುಗಳೂ ಎದ್ದು ಅಳುತ್ತಿದ್ದವು.

ಅಂಥ ಗುಂಡು ಹಿಂದಕ್ಕೆ ಒದೆಯುವುದೂ ಹಾಗೆಯೇ. ನಳಿಗೆಯ ಒದೆತ ತಿಂದೂ ತಿಂದೂ ಹಿಂದಿನ ಕಟ್ಟಿಗೆ ಕೈ ಹಿಡಿಯುವ ಕಡೆ ಸೀಳಿತ್ತು. ಮುದುಕ ತಾಮ್ರದ ತಂತಿ ಸುತ್ತಿಟ್ಟಿದ್ದ. ಆ ಕಟ್ಟಿಗೆಯನ್ನು ಹೊಸದಾಗಿ ಮಾಡಿಕೊಡುತ್ತೇನೆ ಎಂದವನು ಮೊಮ್ಮಗ ಯಲ್ಲಾಲಿಂಗ.

ಯಲ್ಲಾಲಿಂಗನಿಗೆ ಇಪ್ಪತ್ತನಾಲ್ಕು. ಏಳನೇ ಇಯತ್ತೆಯಲ್ಲಿ ಮಾಸ್ತರನೊಬ್ಬ "ಎಡಗೈಲೆ ಬರಿಯೋರು ಎಡವಟ್ಟ ಆಗತಾರ" ಎಂದು ಬೆರಳಿನ ಗಂಟಿಗೆ ಹೊಡೆದಾಗ, ಅವನ ಕೈಯ ಪಟ್ಟಿಯನ್ನೇ ಕಿತ್ತು ಕಿಟಕಿಯಾಚೆ ಒಗೆದು ಮನೆಗೆ ಬಂದವನು ಮತ್ತೆ ಸಾಲೆಯ ಕಟ್ಟೆ ಹತ್ತಲಿಲ್ಲ. ಸಿಂದಗಿಯಲ್ಲಿ ಯಾಕೂಬಸಾಬನ ಬಡಗಿತನದ ಅಂಗಡಿ ಸೇರಿದ. ಕೈಗೆ ಕೆಲಸ ಹತ್ತಿತು, ಮೂಗಿನ ತುದಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಮನೆಯಲ್ಲಿ ಅವನ ಮುಂದೆ ಎಲ್ಲರೂ ಮಾತು ತೂಗಿ ಆಡುತ್ತಿದ್ದರು. ತೂಗದೆ ಆಡುತ್ತಿದ್ದವನು ಮುತ್ಯಾ, ಅವನ ಅಜ್ಜ, ಒಬ್ಬನೇ.

ಬದುವಿನ ಮೇಲೆ ಕಡಿದ ಕರಿಜಾಲಿಯ ಒಂದು ತುಂಡು ಮೂರು ವರ್ಷದಿಂದ ಜೋಳದ ಕಣಿಕೆಯ ಬಣವೆಯ ಕೆಳಗೆ ಒಣಗುತ್ತಿತ್ತು. ದೀಪಾವಳಿ ಮುಗಿದ ಮೇಲೆ ಅದನ್ನು ಸಿಂದಗಿಗೆ ಹೊತ್ತೊಯ್ದ. ಸೋಮವಾರಕ್ಕೊಮ್ಮೆ ಮುತ್ಯಾ ಲೈಸನ್ಸ್ ಪುಸ್ತಕವನ್ನು ಒಳಕಿಸೆಯಲ್ಲಿಟ್ಟುಕೊಂಡು, ಬಂದೂಕನ್ನು ಚೀಲದಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಮೊಮ್ಮಗ ಕೆತ್ತುವುದು, ಮುದುಕ ಚಹಾ ಕುಡಿಯುವುದು.

"ಮಾಮಾ, ಒಡದೀತೇನು ಇದು?" ಎಂದು ಯಲ್ಲಾಲಿಂಗ ಯಾಕೂಬಸಾಬನನ್ನು ಕೇಳಿದ.

"ಬಂಡಿ ಅಚ್ಚಿನ ಭಾರ ತಡಿಯೋ ಜಾಲಿ, ನಿಮ್ಮ ಮುತ್ಯಾನ ಪಟಾಕ್ಷಿ ತಡಿಯಂಗಿಲ್ಲೇನು? ಒಡದ್ರ ಕಟಗಿ ತಪ್ಪಲ್ಲ ಬೇಟಾ, ಕೂಡಿಸಿದಾಂವನ ತಪ್ಪು. ಕಬ್ಬಿಣ ಕಟಗಿಗಿ ಎಲ್ಲಾ ಕಡಿ ಸಮ ಕುಂತಿರಬೇಕು. ಒಂದ ಕಡಿ ಒತ್ತಿದ್ರ ಅಲ್ಲೇ ಸೀಳತೈತಿ. ಸಂಸಾರ ಇದ್ದಂಗ."

"ನಿನ್ನ ಸಂಸಾರದಾಗ ಎಷ್ಟ ಕಡಿ ಸೀಳೈತೋ ಯಾಕೂಬಾ?" ಎಂದ ಮುತ್ಯಾ.

"ನಂದು ಎರಡು ನಿಕಾಹ್‌ರಿ ಹವಾಲ್ದಾರ್ರ. ಎಣಸಾಕ ಹೋಗಂಗಿಲ್ಲ."

ಕೂಡಿಸುವುದೇ ಎರಡು ತಿಂಗಳು ಹಿಡಿಯಿತು. ಸಾತವ್ವನ ಕಾಡಿಗೆ ಡಬ್ಬಿ ತಂದು ನಳಿಗೆಯ ಅಡಿಗೆ ಸವರಿ, ಕಟ್ಟಿಗೆಯ ಮೇಲಿಟ್ಟು ಒತ್ತಿ ಎತ್ತಬೇಕು. ಕಟ್ಟಿಗೆಯಲ್ಲಿ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಉಗುರಿನಷ್ಟು ತೆಳ್ಳಗೆ ಕೆರೆಯಬೇಕು. ಮತ್ತೆ ಕಾಡಿಗೆ, ಮತ್ತೆ ಕೆರೆತ. ಎಲ್ಲ ಕಡೆಗೂ ಒಂದೇ ಸಮ ಕಪ್ಪು ಹತ್ತಿದ ದಿನ ಯಾಕೂಬಸಾಬ ತನ್ನ ಎಲೆಯಡಿಕೆ ಚೀಲ ಮುಂದೆ ಹಿಡಿದ. ಅವನು ಯಾರಿಗೂ ಹಾಗೆ ಹಿಡಿದದ್ದಿಲ್ಲ.

ಮಿಕ್ಕದ್ದನ್ನು ಯಲ್ಲಾಲಿಂಗ ತನ್ನ ಮೈಗೆ ಅಳೆದು ಮಾಡಿದ. ಹಳೆ ಕಟ್ಟಿಗೆ ಗಿಡ್ಡನೆಯ ದೇಸಾಯರಿಗೆ ಮಾಡಿದ್ದು. ಇವನದು ಉದ್ದನೆಯ ತೋಳು. ಅದಕ್ಕಿಂತ ಮುಖ್ಯ, ಇವನು ಎಡಚ. ಗಲ್ಲ ಆನಿಸುವ ಉಬ್ಬನ್ನು ಎಡಗಡೆ ಬಿಟ್ಟು ಬಲಗಡೆಗೆ ಕೆತ್ತಿದ, ಹಿಂಭಾಗವನ್ನು ಕೂದಲೆಳೆಯಷ್ಟು ಎಡಕ್ಕೆ ಬಾಗಿಸಿದ. ಬಲಗೈಯವನು ಅದನ್ನು ಎತ್ತಿದರೆ ಉಬ್ಬು ಹೆಬ್ಬೆರಳಿಗೆ ತಾಗಿ ಕಣ್ಣು ಗುರಿಗೆ ಕೂಡುತ್ತಲೇ ಇರಲಿಲ್ಲ.

"ನನಗ ಕೂಡವಲ್ದಲ್ಲೋ ಇದು," ಎಂದ ಮುತ್ಯಾ ಎತ್ತಿ ನೋಡಿ.

"ನಿನಗ ಯಾಕ ಕೂಡಬೇಕು? ನಿನ್ನ ಕೈ ಚಹಾದ ಕಪ್ಪ ಹಿಡದ್ರ ಬಸಿ ತುಂಬತೈತಿ."

ಮುದುಕ ನಕ್ಕ. "ಖರೇ ಐತಿ. ನಿನಗ ಹೊಲಿಸಿದ ಅಂಗಿ ಇದು. ನಿಂದ ತಿಳಿ ಇನ್ನ."

ಶಿವರಾತ್ರಿ ಕಳೆದ ವಾರ ಕಬ್ಬಿಗೆ ಹಂದಿ ಬಿದ್ದವು. ಇಳಿಹೊತ್ತಿನಲ್ಲಿ ಮುತ್ಯಾ ಬದುವಿನ ಮೇಲೆ ನಿಂತು ಉಳಿದ ಒಂಬತ್ತು ತೋಟಾಗಳಲ್ಲಿ ಒಂದನ್ನು ಮೊಮ್ಮಗನ ಅಂಗೈಗೆ ಹಾಕಿದ. ಯಲ್ಲಾಲಿಂಗ ಬಂದೂಕನ್ನು ಎಡ ಭುಜಕ್ಕೆ ಏರಿಸಿ ಮುಗಿಲಿಗೆ ಹಿಡಿದು ಕುದುರೆ ಎಳೆದ. ಭುಜಕ್ಕೆ ಗೂಳಿ ಗುದ್ದಿದಂತಾಯಿತು. ಕಬ್ಬಿನೊಳಗೆ ಹಿಂಡೇ ಎದ್ದು ಓಡಿತು. ಅವನು ಓಡುವ ಹಂದಿಗಳ ಕಡೆ ನೋಡಲೇ ಇಲ್ಲ. ಕಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಎಳೆಯಷ್ಟೂ ಸೀಳಿರಲಿಲ್ಲ.

ಅಲ್ಲಿಂದ ದಿನಾ ಅಗಸೆ ಎಣ್ಣೆ. ನಲವತ್ತು ದಿನ ಬರಿಗೈಯಿಂದ, ಅಂಗೈ ಬಿಸಿಯಾಗುವವರೆಗೆ ತಿಕ್ಕಿದರೆ ಜಾಲಿಗೆ ಹುಣಸೆಬೀಜದ ಬಣ್ಣ ಬರುತ್ತದೆ. ಮನೆಯಲ್ಲೆಲ್ಲ ಅಗಸೆಯ ವಾಸನೆ.

"ಚಟ್ನಿಗಿ ಇಟ್ಟ ಅಗಸಿಯೆಲ್ಲಾ ಗಾಣಕ್ಕ ಹೋತು," ಎಂದು ಅವ್ವ ಸುವರ್ಣಾ ರೊಟ್ಟಿ ಬಡಿಯುತ್ತ ಗೊಣಗುತ್ತಿದ್ದಳು. "ಬಂದೂಕ ಉಣ್ಣಲಿ. ನಾವು ಖಾರಪುಡಿ ಹಚ್ಚಿಕೊಂಡು ಉಣ್ಣೂಣು."

ಉಗಾದಿಯ ದಿನ ಮುಂಜಾನೆ ಯಲ್ಲಾಲಿಂಗ ಎದ್ದು ನೋಡಿದರೆ ಗೂಟದಲ್ಲಿ ಟಗರು ಇರಲಿಲ್ಲ. ಎರಡು ವರ್ಷ ಹುರುಳಿ, ಮೊಟ್ಟೆ ತಿನ್ನಿಸಿ ಕಾಳಗಕ್ಕೆ ತಯಾರು ಮಾಡಿದ್ದ ಟಗರು.

"ಟಗರ ಎಲ್ಲಿ?"

ಅಪ್ಪ ಬಸಂತರಾಯ ಬೇವುಬೆಲ್ಲದ ಬಟ್ಟಲು ಹಿಡಿದು ಕೂತಿದ್ದ. "ಕೊಟ್ಟೆ."

"ಯಾರನ ಕೇಳಿ ಕೊಟ್ಟಿ?"

"ನನ್ನ ಅಂಗಳದಾಗಿನ ಟಗರ ಕೊಡಾಕ ನಿನ್ನ ಪರ್ಮಿಶನ್ ತಗೋಬೇಕೇನಲೇ? ಕಾಳಗ ಕಾಳಗ ಅಂತ ಊರೂರ ತಿರಗತಿ. ಹೋದ ಸಲ ಯಾರದೋ ಹಲ್ಲ ಮುರದ ಬಂದಿ. ನಾಳಿ ಪೊಲೀಸರ ಬಂದ ನನ್ನ ಬಾಗಲಾ ಬಡೀಲಿ ಅಂತೀ?"

ಬಟ್ಟಲು ಉರುಳಿತು. ಅಪ್ಪನ ಅಂಗಿಯ ಕೊರಳಪಟ್ಟಿ ಯಲ್ಲಾಲಿಂಗನ ಎಡಗೈಯಲ್ಲಿತ್ತು, ಅಪ್ಪನ ಬೆನ್ನು ಗೋಡೆಗೆ ಹತ್ತಿತ್ತು. ಸಾತವ್ವ ಸೌಟು ಹಿಡಿದುಕೊಂಡೇ ನಡುವೆ ಬಂದಳು. "ಹಡದಾಂವನ ಮ್ಯಾಲ ಕೈ ಮಾಡತೀಯಾ? ಮೊದಲ ನನ್ನ ಹೊಡಿ, ಹೊಡಿಯೋ!"

ಯಲ್ಲಾಲಿಂಗ ಕೈ ಬಿಟ್ಟ. ಒಳಗೆ ಹೋದ. ಮುತ್ಯಾನ ತಲೆದಿಂಬಿನ ಕೆಳಗಿನ ಕೀಲಿಯಿಂದ ಕಪಾಟು ತೆಗೆದು ಬಂದೂಕು ತಂದು, ಅಂಗಳದ ಕಟ್ಟೆಯ ಮೇಲೆ ಕೂತು ಅಗಸೆ ಎಣ್ಣೆ ತಿಕ್ಕತೊಡಗಿದ. ತಿಕ್ಕಿದ, ತಿಕ್ಕಿದ, ಬಿಸಿಲು ನೆತ್ತಿಗೆ ಬರುವವರೆಗೆ ತಿಕ್ಕಿದ. ಅಂಗೈಯಿಂದ ಸಿಟ್ಟು ಕಟ್ಟಿಗೆಗೆ ಇಳಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಪ್ಪ ಎದುರಿನ ಪಡಸಾಲೆಯಲ್ಲಿ ಕಂಬಕ್ಕೆ ಒರಗಿದವನು ಏಳಲಿಲ್ಲ, ನೀರು ಸಹ ಕೇಳಲಿಲ್ಲ. ಮಧ್ಯಾಹ್ನ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ. ಮರುದಿನ ಬಸಂತರಾಯ ಬಸವನ ಬಾಗೇವಾಡಿಗೆ ತಮ್ಮನ ಮನೆಗೆ ಹೋಗಿ ಹತ್ತು ದಿನ ಅಲ್ಲೇ ಉಳಿದ.

ಅವನು ಮರಳಿ ಬಂದ ಮೇಲೆ, ಮಗನ ಜೊತೆ ಮಾತು ಬಿಟ್ಟದ್ದೊಂದನ್ನು ಬಿಟ್ಟರೆ, ಮನೆಯಲ್ಲಿ ಎಲ್ಲ ಮೊದಲಿನಂತೆಯೇ ನಡೆಯಿತು. ಮುತ್ಯಾ ತಾನಾಗಿಯೇ, "ಹಿಂದ ರಬ್ಬರ ಹಚ್ಚಲೇ, ಒದಿತ ಕಮ್ಮಿ ಆಗತೈತಿ," ಎಂದ. ಯಲ್ಲಾಲಿಂಗ ಟ್ರ್ಯಾಕ್ಟರಿನ ಹಳೆ ಟಾಯರು ಕೊಯ್ದು ಎರಡು ಬೆರಳು ದಪ್ಪದ ರಬ್ಬರನ್ನು ಹಿಂಭಾಗಕ್ಕೆ ಕೂಡಿಸಿದ. ಚರ್ಮದ ಪಟ್ಟಿ ಹೊಲಿಸಿದ. ಮುತ್ಯಾ ಎಲ್ಲವನ್ನೂ ನೋಡಿ ತಲೆದೂಗಿದ.

ಮುತ್ಯಾನ ಲೈಸನ್ಸ್ ಆಷಾಢಕ್ಕೆ ಮುಗಿಯುವುದಿತ್ತು. ನಡುಗುವ ಕೈ ನೋಡಿ ಡಾಕ್ಟರು ಈ ಸಲ ಸರ್ಟಿಫಿಕೇಟು ಕೊಡುವುದಿಲ್ಲ ಎಂದಿದ್ದರು. ಎಪ್ಪತ್ತು ದಾಟಿದವರು ಬದುಕಿರುವಾಗಲೇ ಮನೆಯವರ ಹೆಸರಿಗೆ ಮಾಡಬಹುದು, ಮಿಕ್ಕವರೆಲ್ಲ ತಕರಾರಿಲ್ಲ ಎಂದು ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಕೊಡಬೇಕು. ಇಲ್ಲವಾದರೆ ಬಂದೂಕು ಠಾಣೆಗೆ ಜಮಾ.

"ಕಾಗದ ಪ್ರಿಯಾ ಮಾಡತಾಳ," ಎಂದ ಮುತ್ಯಾ ಊಟಕ್ಕೆ ಕೂತಾಗ. "ಇಂಡಿಗಿ ಹೋಗಿ ತಗೊಂಡ ಬಾ. ಹಂಗ ಬಾಗೇವಾಡ್ಯಾಗ ಕಾಕಾಂದು, ಮುದ್ದೇಬಿಹಾಳದಾಗ ಅತ್ತೀದು ಸಹಿ ಮುಗಿಸಿಕೊಂಡ ಬಂದಬಿಡು. ನಿನಗ ಕಾಲ ಗಟ್ಟಿ ಅದಾವ."

ಸುವರ್ಣಾ ಅವನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆಯನ್ನೂ.

ತಂಗಿ ಪ್ರಿಯದರ್ಶಿನಿ ಇಂಡಿಯಲ್ಲಿ ಝೆರಾಕ್ಸ್, ಆನ್‌ಲೈನ್ ಅರ್ಜಿಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಅಲ್ಲೇ ಗೆಳತಿಯರ ಜೊತೆ ರೂಮು. ಕಾಲೇಜು ಮುಗಿಯುವವರೆಗೆ ಮೂರು ವರ್ಷ ಅವಳನ್ನು ದಿನಾ ಬೆಳಿಗ್ಗೆ ಬಸ್ಸಿಗೆ ಬಿಟ್ಟವನು ಇವನೇ. ಅವಳು ಪ್ರಿಂಟು ತೆಗೆದುಕೊಟ್ಟಳು. ಪೂರ್ತಿ ಇಂಗ್ಲಿಷು.

"ಕನ್ನಡದಾಗ ಮಾಡಾಕ ಬರ್ತಿದ್ದಿಲ್ಲೇನು?"

"ಮ್ಯಾಲ ಆಫೀಸಿಗಿ ಹೋಗತೈತಲ್ಲ ಅಣ್ಣಾ. ಇಂಗ್ಲಿಷ್ ಇದ್ರ ಲಗೂ ಆಗತೈತಿ." ಅವಳು ಕಂಪ್ಯೂಟರಿನ ಕಡೆಗೇ ನೋಡುತ್ತಿದ್ದಳು. "ನೀನೂ ಇಲ್ಲೇ ಸಹಿ ಹಾಕು."

ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷು ಅವನಿಗೆ ಬರುತ್ತಿತ್ತು. ಮೂರನೇ ಸಾಲಿನಲ್ಲಿ ತನ್ನ ಹೆಸರು ಕಂಡಿತು. ಸಾಕು. ಎಡಗೈಯಿಂದ ದೊಡ್ಡದಾಗಿ ಸಹಿ ಹಾಕಿದ. ಪ್ರಿಯದರ್ಶಿನಿ ಅವನಿಗೆ ಮಿರ್ಚಿಭಜಿ ತರಿಸಿದಳು. ತಾನು ಒಂದನ್ನೂ ಮುಟ್ಟಲಿಲ್ಲ.

ಬಾಗೇವಾಡಿಯಲ್ಲಿ ಕಾಕಾ ಸಿದ್ಧರಾಮ ಆಲಮಟ್ಟಿ ಕಾಲುವೆಯ ಕಂತ್ರಾಟುದಾರರೊಬ್ಬರ ಕೆಳಗೆ ಕೆಲಸ ಮಾಡಿಸುತ್ತಿದ್ದ. ಬಿಳಿ ಅಂಗಿ, ಬಿಳಿ ಚಪ್ಪಲಿ. ಪಡಸಾಲೆಯ ಗೋಡೆಗೆ ಎರಡು ಹೊಸ ಮೊಳೆ ಹೊಡೆದಿದ್ದ.

"ಬಾರೋ ಯಲ್ಲಾ! ಫೋಟೋ ಕಳಿಸಿದ್ಲಲ್ಲ ಪ್ರಿಯಾ, ಕಟಗಿ ಮಸ್ತ್ ಮಾಡೀದಿ. ಏನ ಪಾಲಿಶ್, ಏನ ಪಾಲಿಶ್! ನಿನ್ನ ಕೈಗಿ ಬಂಗಾರದ ಬಳಿ ಹಾಕಬೇಕು."

"ಬಳಿ ಬ್ಯಾಡ ಕಾಕಾ, ಸಹಿ ಹಾಕು."

"ಹಾಕದ ಬಿಟ್ಟೇನು?" ಎಂದು ಕಾಕಾ ಗಟ್ಟಿಯಾಗಿ ನಕ್ಕು, ಒಂದಲ್ಲ, ಎರಡು ಕಡೆ ಸಹಿ ಹಾಕಿದ.

ಮುದ್ದೇಬಿಹಾಳದಲ್ಲಿ ಅಪ್ಪನ ಒಡಹುಟ್ಟಿದ ಅತ್ತಿ ರೇವವ್ವ ಅವನನ್ನು ಉಣ್ಣಿಸದೆ ಬಿಡಲಿಲ್ಲ. ಹೆಬ್ಬೆಟ್ಟು ಒತ್ತಿ, ಸೆರಗಿಗೆ ಮಸಿ ಒರೆಸಿಕೊಳ್ಳುತ್ತ ಅವನ ತಲೆ ಸವರಿದಳು.

"ಮಂದಿ ನಿನಗ ಸಿಟ್ಟಿನಾಂವ ಅಂತಾರ. ನೀ ದೊಡ್ಡ ಮನಸಿನಾಂವ ನೋಡಪಾ. ಹಿಂಗ ಯಾರ ಬಿಟ್ಟುಕೊಡತಾರ ಈಗಿನ ಕಾಲದಾಗ?"

ಟಗರಿನ ಸುದ್ದಿ ಇಲ್ಲಿಯವರೆಗೆ ಬಂದಿದೆ ಎಂದುಕೊಂಡ ಯಲ್ಲಾಲಿಂಗ. "ಹೋಗಲಿ ಬಿಡತ್ತಿ," ಎಂದ. ಆ ಮಾತಿನಿಂದ ಅವನಿಗೇ ಹಿತವೆನಿಸಿತು. ಬಸ್ಸಿನಲ್ಲಿ ಕಾಗದವನ್ನು ಮಡಚದೆ, ನೆಟ್ಟಗೆ ತೊಡೆಯ ಮೇಲಿಟ್ಟುಕೊಂಡು ಕನ್ನೊಳ್ಳಿಯವರೆಗೆ ತಂದ.

ಮೂರು ವಾರಕ್ಕೆ ಠಾಣೆಯಿಂದ ವಿಚಾರಣೆಗೆ ಹವಾಲ್ದಾರರೊಬ್ಬರು ಬಂದರು. ಯಲ್ಲಾಲಿಂಗ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಹವಾಲ್ದಾರರು ಚಹಾ ಮುಗಿಸಿ ಫೈಲು ಬಿಚ್ಚಿದರು.

"ಅರ್ಜಿದಾರ ಯಾರು?"

"ನಾನರಿ."

ಅವರು ಅವನನ್ನು ನೋಡಿದರು, ಫೈಲನ್ನು ನೋಡಿದರು. "ನೀ ಸಿದ್ಧರಾಮೇನು?"

"ಸಿದ್ಧರಾಮ ನಮ್ಮ ಕಾಕಾರಿ. ನಾ ಯಲ್ಲಾಲಿಂಗ."

"ಬರೋಬ್ಬರಿ ಐತಿ. ಯಲ್ಲಾಲಿಂಗ, ಮೂರನೇ ಸಾಲು. ಬಂದೂಕು ಸಿದ್ಧರಾಮನ ಹೆಸರಿಗಿ ಆಗಾಕ ನಂದೇನೂ ತಕರಾರಿಲ್ಲ, ನನ್ನ ಹಕ್ಕು ಬಿಟ್ಟುಕೊಟ್ಟೇನಿ ಅಂತ ಬರದೈತಿ. ಈ ಸಹಿ ನಿಂದ ಹೌದಲ್ಲೋ?"

ಯಲ್ಲಾಲಿಂಗ ಮುತ್ಯಾನ ಕಡೆ ತಿರುಗಿದ. ಮುತ್ಯಾ ನೆಲ ನೋಡುತ್ತಿದ್ದ. ಅಪ್ಪ ಹೊರಗೆ ನೋಡುತ್ತಿದ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ಚುಂಗನ್ನು ಬಾಯಿಗೆ ಒತ್ತಿ ನಿಂತಿದ್ದಳು. ಗೊತ್ತಿಲ್ಲದವನು ತಾನೊಬ್ಬನೇ ಎಂದು ಅವನಿಗೆ ಆಗ ಗೊತ್ತಾಯಿತು. ಬಸ್ಸಿಂದ ಬಸ್ಸಿಗೆ ಹತ್ತಿ, ಮಡಿಕೆ ಬೀಳದಂತೆ ಜೋಪಾನ ಮಾಡಿ ತಂದದ್ದು ತನ್ನ ಹಕ್ಕು ಹೋದ ಕಾಗದವನ್ನು.

"ಸಹಿ ನಂದರಿ," ಎಂದ. "ಅದರಾಗಿನ ಮಾತ ನಂದಲ್ಲ."

ಹವಾಲ್ದಾರರು ಪೆನ್ನಿನ ಮುಚ್ಚಳ ಹಾಕಿದರು. ಮನೆಮನೆಯ ಜಗಳ ನೋಡಿ ಮಾಗಿದ ಮನುಷ್ಯ. "ತಕರಾರಿದ್ರ ಸೋಮವಾರದೊಳಗ ಠಾಣೇಕ ಬಂದು ಬರದ ಕೊಡು. ಇಲ್ಲಾಂದ್ರ ನಾ ಕಳಿಸಿಬಿಡತೇನಿ. ಕುಂತು ಮಾತಾಡಿಕೊಳ್ರಿ ಮೊದಲ," ಎಂದು ಹೋದರು.

ಯಾರೂ ಕೂರಲಿಲ್ಲ.

"ಯಾವಾಗಿಂದ ಮುತ್ಯಾ?"

"ಉಗಾದಿ ಆದಮ್ಯಾಲ," ಎಂದ ಮುದುಕ. ದನಿ ಕೆಳಗಿತ್ತು. "ಅದಕಿಂತ ಮೊದಲ ಅದು ಖರೇನ ನಿಂದ ಇತ್ತಪಾ."

"ಉಗಾದಿ ಆದಮ್ಯಾಲ ರಬ್ಬರ ಹಚ್ಚು ಅಂದಾಂವ ಯಾರು? ಪಟ್ಟಿ ಹೊಲಿಸು ಅಂದಾಂವ ಯಾರು? ಕಾಕಾನ ಹೆಗಲ ನೋಯಬಾರದಂತ ನನ್ನ ಕಡೆ ರಬ್ಬರ ಕೊಯ್ಸಿದೆಲ್ಲೋ!"

"ಮುತ್ಯಾಗ ಬೈಬ್ಯಾಡ." ಸುವರ್ಣಾ ಬಾಗಿಲು ಬಿಟ್ಟು ಮುಂದೆ ಬಂದಳು. "ನಾ ಮಾಡಿಸಿದ್ದು. ಮಾವನ ಕಾಲ ಹಿಡದ ಬೇಡಿಕೊಂಡೆ."

"ನೀನ?"

"ಉಗಾದಿ ದಿನ ನಿಮ್ಮಪ್ಪನ ಕೊರಳಿಗಿ ಕೈ ಹಾಕಿದಿ. ಬಿಟ್ಟಿ. ಬಿಟ್ಟಾಂವ ಹೊರಗ ಹ್ವಾದ್ರ ನಾ ಏನೂ ಅಂತಿದ್ದಿಲ್ಲ. ಒಳಗ ಹೋಗಿ ಅದನ್ನ ತಂದಿ. ಅವನ ಮಾರಿ ಮುಂದ ಕುಂತು ಮೂರ ತಾಸ ತಿಕ್ಕಿದಿ. ಈಗ ಹಾರತೈತಿ, ಈಗ ಹಾರತೈತಿ ಅಂತ ನಾ ಒಲಿ ಮುಂದ ಕುಂತಿದ್ದೆ. ಹೋಳಿಗಿ ಹೊತ್ತಿದ್ದೂ ಗೊತ್ತಾಗಲಿಲ್ಲ ನನಗ."

"ಅದರಾಗ ತೋಟಾ ಇದ್ದಿಲ್ಲ ಬೇ!"

"ನನಗೇನ ಗೊತ್ತು, ಇತ್ತೋ ಇದ್ದಿಲ್ಲೋ?"

"ಸಿಟ್ಟ ಇಳಸಾಕ ತಿಕ್ಕಾಕತ್ತಿದ್ದೆ ನಾ!"

"ಹಂಗಂತ ಬಾಯಿಬಿಟ್ಟ ಹೇಳಿದ್ದೇನು?"

"ನೀವು ಹೇಳಿದ್ರೇನು? ಇಷ್ಟ ಮಂದಿ ಅದೀರಿ, ಒಬ್ಬರಿಗಾದ್ರೂ ಬಾಯಿ ಇತ್ತೇನು?"

"ಹೇಳಿದ್ರ ನೀ ಸುಮ್ಮ ಇರ್ತಿದ್ದೇನು?" ಎಂದ ಅಪ್ಪ. ಅಷ್ಟು ತಿಂಗಳಿಗೆ ಮಗನ ಜೊತೆ ಅವನು ಆಡಿದ ಮೊದಲ ಮಾತು ಅದು.

ಯಲ್ಲಾಲಿಂಗ ಇಸ್ತ್ರಿ ಅಂಗಿಯನ್ನು ಗುಂಡಿ ಕಿತ್ತುಹೋಗುವಂತೆ ಬಿಚ್ಚಿ ಒಗೆದು ಬರಿಮೈಯಲ್ಲೇ ಹೊಲದ ಕಡೆ ನಡೆದ. ಸಾತವ್ವ ಹಿಂದಿನಿಂದ ಕೂಗಿದಳು, "ಉಂಡ ಹೋಗೋ, ಹೊಟ್ಟಿ ಮ್ಯಾಲ ಸಿಟ್ಟ ಬ್ಯಾಡ!"

ಅಲ್ಲಿಂದ ನಾಲ್ಕು ದಿನ ಆ ಮನೆ ಅವನನ್ನು ಜಾತ್ರೆಗೆ ಬಂದ ಅಳಿಯನಂತೆ ನೋಡಿಕೊಂಡಿತು. ಶೇಂಗಾ ಹೋಳಿಗೆ ಆಯಿತು. ಸ್ನಾನಕ್ಕೆ ಅಪ್ಪನೇ ನೀರು ಕಾಯಿಸಿಟ್ಟ. ಮುತ್ಯಾ ಕಪಾಟಿನ ಕೀಲಿಯನ್ನು ತಾಯಿತದಂತೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ. ಆ ಕೀಲಿ ಕಂಡಾಗಲೆಲ್ಲ ಯಲ್ಲಾಲಿಂಗ ಎದ್ದು ಹೊರಗೆ ನಡೆಯುತ್ತಿದ್ದ. ಅವನು ಯಾಕೂಬಸಾಬನ ಅಂಗಡಿಯಲ್ಲೇ ಉಂಡ.

ಪ್ರಿಯದರ್ಶಿನಿ ಫೋನು ಮಾಡಿದಳು. "ಅಣ್ಣಾ, ಅವ್ವ ಅತ್ಲು ಅಣ್ಣಾ. ನಾ ಟೈಪ್ ಮಾಡಿದ್ದಷ್ಟ."

"ಮೂರನೇ ಸಾಲಿನ್ಯಾಗ ನನ್ನ ಹೆಸರ ಯಾಕೈತಿ ಅಂತ ನಿನಗ ಗೊತ್ತಿತ್ತು. ಭಜಿ ತಿನ್ನಿಸಿದಿ."

"ಅವ್ವ ಭಾಳ ಅತ್ಲು..."

"ನನಗ ಅಳಾಕ ಬರಂಗಿಲ್ಲವಾ. ಅದಕ ನನ್ನ ಯಾರೂ ಕೇಳಂಗಿಲ್ಲ." ಫೋನು ಇಟ್ಟ.

ರವಿವಾರ ಕಾಕಾ ಸಿದ್ಧರಾಮನ ಫೋನು ಬಂತು.

"ಯಲ್ಲಾ, ಸಿಟ್ಟ ಬಿಡೋ. ಬಂದೂಕ ಎಲ್ಲಿ ಹೊಂಟೈತಿ? ಬಾಗೇವಾಡಿ ಏನ ಲಂಡನ್ನಾ? ಎಣ್ಣಿ ತಿಕ್ಕಾಕ ನೀನ ಬಾ, ಬೇರೆಯವರನ ಮುಟ್ಟಗೊಡಂಗಿಲ್ಲ ನಾ. ಹಂಗ ಒಂದ ಕೆಲಸ ಮಾಡಿಕೊಡು. ಆ ಉಬ್ಬ ಕೆತ್ತಿ ತಗದಬಿಡು. ನಾ ನಿನ್ನಂಗ ಎಡಚ ಅಲ್ಲಪಾ, ಫೋಟೋಕ್ಕ ಹಿಡದ್ರೂ ಸರಿ ಕಾಣಂಗಿಲ್ಲ."

ಯಲ್ಲಾಲಿಂಗ ತನ್ನ ಎಡಗಲ್ಲ ಮುಟ್ಟಿಕೊಂಡ. ಆ ಉಬ್ಬನ್ನು ಅವನ ಗಲ್ಲದ ಎಲುಬಿಗೆ ತಕ್ಕಂತೆ ಕೆತ್ತಲು ಹದಿನೇಳು ದಿನ ಹಿಡಿದಿತ್ತು.

"ಆತ ಕಾಕಾ," ಎಂದ.

ಸೋಮವಾರ ಬೆಳಿಗ್ಗೆ ಸಿಂದಗಿಯ ಠಾಣೆಗೆ ಹೋದ. ಬೆಂಚಿನ ಮೇಲೆ ಕೂತು, ಅರ್ಧ ಹಾಳೆಯ ಮೇಲೆ ಎಡಗೈಯಿಂದ, ಕನ್ನಡದಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದ: "ಬಂದೂಕನ್ನು ಸಿದ್ಧರಾಮರ ಹೆಸರಿಗೆ ಮಾಡಲು ನನ್ನ ತಕರಾರು ಇದೆ. ನನಗೆ ಓದಿ ಹೇಳದೆ ನನ್ನ ಸಹಿ ತೆಗೆದುಕೊಂಡಿದ್ದಾರೆ."

ಹವಾಲ್ದಾರರು ಓದಿದರು. "ಇದನ್ನ ಕೊಟ್ಟಿ ಅಂದ್ರ ನಿನಗೂ ಸಿಗಂಗಿಲ್ಲ, ನೆಪ್ಪಿಟ್ಟಕೋ. ಮುದುಕನ ಲೈಸನ್ಸ್ ಈ ವಾರ ಮುಗೀತು. ತಕರಾರ ತೀರೋತನಾ ಇಲ್ಲೇ ಜಮಾ. ವರ್ಷ ಆದೀತು, ಹತ್ತ ವರ್ಷಾನೂ ಆದೀತು."

"ಗೊತ್ತೈತ್ರಿ. ತಗೋರಿ."

ಗುರುವಾರ ಜಮಾ ಮಾಡಲು ಲೈಸನ್ಸಿನವನೇ ಬರಬೇಕಾಯಿತು. ಮುತ್ಯಾ ರುಮಾಲು ಸುತ್ತಿಕೊಂಡು, ಬಂದೂಕನ್ನು ಚೀಲದಲ್ಲಿ ಹಿಡಿದು ಬಸ್ಸು ಹತ್ತಿದ. ಯಲ್ಲಾಲಿಂಗ ಅದೇ ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕೂತ. ಠಾಣೆಯಲ್ಲಿ ಹವಾಲ್ದಾರರು ಚೀಲ ಬಿಚ್ಚಿ, ಕಟ್ಟಿಗೆಯ ಮೇಲೆ ಕೈಯಾಡಿಸಿದರು.

"ಇದೇನ ಕಟಗಿಯೋ ಕನ್ನಡಿಯೋ? ಯಾರ ಮಾಡಿದ್ದು?"

"ನನ್ನ ಮಮ್ಮಗ," ಎಂದ ಮುತ್ಯಾ.

"ಇವನರಿ?"

"ಇವನ."

ಹವಾಲ್ದಾರರು ನಂಬರು ಬರೆದ ಚೀಟಿಯನ್ನು ಸುತಳಿಯಿಂದ ನಳಿಗೆಗೆ ಕಟ್ಟಿದರು. ಎಂಟು ತೋಟಾ ಬೇರೆ ಡಬ್ಬಿಯಲ್ಲಿ.

"ಸಾಹೇಬ್ರ, ತಿಂಗಳಿಗೊಮ್ಮಿ ಬಂದು ಎಣ್ಣಿ ಹಚ್ಚಿ ಹೋಗಲ್ರ್ಯಾ?" ಎಂದು ಮುದುಕ ಕೇಳಿದ. "ಮಳಿಗಾಲದಾಗ ಲಗೂ ಜಂಗ ಹಿಡೀತೈತಿ."

"ಹಂಗ ಬಿಡಾಕ ಬರಂಗಿಲ್ರಿ ಯಜಮಾನ್ರ."

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಾಗ ಮುತ್ಯಾ ಮೊದಲ ಸಲ ಅವನ ಮುಖ ನೋಡಿದ. "ಸಿದ್ಧರಾಮನ ಮನ್ಯಾಗ ಇದ್ದಿದ್ರ ವರ್ಷಕ್ಕ ನಾಕ ಸಲ ನೋಡತಿದ್ನೆಲ್ಲೋ. ಸಾಯೂಮಟಾ ನಾಕ ಸಲ. ಅಷ್ಟೂ ಬಿಡಲಿಲ್ಲ ನೀ."

"ನೀ ನನಗ ಬಿಟ್ಟದ್ದೆಷ್ಟು?"

ಬಸ್ಸಿಗೆ ಹತ್ತುವಾಗ ಮುದುಕ, ಮೊಮ್ಮಗ ಆಸರೆಗೆ ಚಾಚಿದ ಕೈಯನ್ನು ಹಿಡಿಯದೆ, ಕಂಬಿಯನ್ನು ಹಿಡಿದು ತಾನೇ ಏರಿದ.

ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಮುತ್ಯಾ ರುಮಾಲು ತೆಗೆಯದೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಸಾತವ್ವ ತೆರೆದಿದ್ದ ಕಪಾಟಿನೊಳಗೆ ಇಣುಕಿದಳು, ಗಂಡನ ಕಾಲ ಬಳಿ ಹೋಗಿ ಕೂತಳು. ಅಪ್ಪ ಫೋನು ಹಿಡಿದು ಅಂಗಳದಲ್ಲಿ ತಿರುಗುತ್ತಿದ್ದ. ಆಚೆಯಿಂದ ಸಿದ್ಧರಾಮ ಬೈಯುವುದು ಒಳಗಿನವರೆಗೆ ಕೇಳುತ್ತಿತ್ತು.

ಯಲ್ಲಾಲಿಂಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಇವರೆಲ್ಲರ ಮುಖದಲ್ಲಿ ನೋಡಬೇಕೆಂದುಕೊಂಡದ್ದನ್ನು ನೋಡಿ ಆಗಿತ್ತು. ಇನ್ನು ಉಳಿದದ್ದು ಅವ್ವನ ಮುಖ. ಕಾಲು ಹಿಡಿದು ಬೇಡಿಕೊಂಡು ಏನು ಸಾಧಿಸಿದಿ ಎಂದು ಕೇಳಬೇಕು ಅಂತ ಬಸ್ಸಿನಲ್ಲೇ ಮಾತು ಕೂಡಿಸಿಟ್ಟುಕೊಂಡಿದ್ದ.

"ಠಾಣೇಕ ಹೋತು," ಎಂದ. "ಇನ್ನ ಯಾರಿಗೂ ಸಿಗಂಗಿಲ್ಲ. ಕಾಕಾಗೂ ಇಲ್ಲ."

ಸುವರ್ಣಾ ಹೆಂಚಿನ ಮೇಲಿನ ರೊಟ್ಟಿಯನ್ನು ಹಾಗೆಯೇ ಬಿಟ್ಟು ಅವನನ್ನು ನೋಡಿದಳು. "ಖರೇನ? ಮನ್ಯಾಗ ಇನ್ನ ಬರಂಗಿಲ್ಲ?"

"ಬರಂಗಿಲ್ಲ."

ಅವಳು ಕಣ್ಣು ಮುಚ್ಚಿ, ಹಿಟ್ಟಿನ ಕೈ ಜೋಡಿಸಿ ಹಣೆಗೆ ಒತ್ತಿದಳು. ಹಣೆಗೆ ಹಿಟ್ಟು ಹತ್ತಿತು. "ಮೊದಲ ನಾ ಇದನ್ನ ಕೇಳಿದ್ದೆ. ಸರಕಾರಕ್ಕ ಕೊಟ್ಟಬಿಡ್ರಿ ಮಾವಾ, ಯಾರ ಮನ್ಯಾಗೂ ಬ್ಯಾಡ ಅಂತ. ನಿಮ್ಮ ಮುತ್ಯಾ ಒಪ್ಪಲಿಲ್ಲ. ಸಿದ್ಧರಾಮಗ ಕೊಡತೇನಿ, ಅಷ್ಟಕ್ಕ ಸುಮ್ನಾಗು ಅಂದ. ಸುಮ್ನಾದೆ. ಯಾರ ಕೈಲೂ ಆಗದ್ದು ನೀ ಮಾಡಿದ್ಯೋ ಯಪ್ಪಾ."

ಯಲ್ಲಾಲಿಂಗ ಹೊಸ್ತಿಲ ಮೇಲೆ ಕೂತ.

ಸುವರ್ಣಾ ಎಲ್ಲರಿಗೂ ತಾಟು ಹಚ್ಚಿದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಹಸಿ ಉಳ್ಳಾಗಡ್ಡಿ. ಮಾವನನ್ನು ಕರೆದಳು, ಏಳಲಿಲ್ಲ. ಅತ್ತೆ ತಲೆಯಾಡಿಸಿದಳು. ಗಂಡ ಅಂಗಳದಿಂದ ಬರಲಿಲ್ಲ. ಮಗನ ಮುಂದಿಟ್ಟ ತಾಟು ಇಟ್ಟಲ್ಲೇ ಆರುತ್ತಿತ್ತು. ಅವಳು ಒಲೆಯ ಉರಿ ತಗ್ಗಿಸಿ, ಗೋಡೆಗೆ ಒರಗಿ ಕಾಲು ಚಾಚಿ ಕೂತು, ರೊಟ್ಟಿ ಮುರಿದಳು. ಒಂದು ಮುಗಿಯಿತು, ಇನ್ನೊಂದು ಹಾಕಿಕೊಂಡಳು, ಪಲ್ಯ ಬಳಿದುಕೊಂಡು ಮೂರನೆಯದನ್ನೂ ಉಂಡಳು. ಆ ಮನೆಯಲ್ಲಿ ಆ ದಿನ ಹೊಟ್ಟೆ ತುಂಬ ಉಂಡವಳು ಅವಳೊಬ್ಬಳೇ.